ಕಂಬದ ಚಿತ್ರಕ್ಕೆ ಯಾವ ಫಿಲ್ಮ್

ಪರೇಲಿನ ಆ ಗೋಡೌನಿನಲ್ಲಿ ಲೈಟ್ ಮೀಟರಿನ ಮುಳ್ಳು ಅಲುಗಾಡಲೇ ಇಲ್ಲ. ಜಾಗ ನೋಡಿಬರಲು ಹೋದ ದಿನ, ಪಕ್ಕದ ಉಡುಪಿ ಹೋಟೆಲಿನ ಉಗ್ರಾಣದಲ್ಲಿ ಈರುಳ್ಳಿ ಮೂಟೆಗಳ ಹಿಂದಿದ್ದ ಹಳೆಯ ಬಾಗಿಲನ್ನು ನಾಲ್ಕು ಬೆರಳಷ್ಟು ಸರಿಸಿ ಮೀಟರನ್ನು ಗೋಡೌನಿನೊಳಗೆ ಚಾಚಿ ಹಿಡಿದಿದ್ದೆ. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಒಳಗೆ ಒಂದು ಹಳದಿ ಬಲ್ಬು, ಹಿಂಗೋಡೆಯ ಮೇಲೆ ಧೂಳು ಮೆತ್ತಿದ ಒಂದು ಗವಾಕ್ಷಿ, ಇಷ್ಟೇ ಬೆಳಕು. ಅವೆರಡರ ನಡುವೆ ನಾನು ಚಿತ್ರ ತೆಗೆಯಬೇಕಾಗಿದ್ದ ಕಂಬ ಇತ್ತು.

ಎಂಬತ್ತರ ದಶಕದ ನಡುಭಾಗ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬೊಂಬಾಯಿಗೆ ಬಂದು ಫೋರ್ಟಿನ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಮದುವೆ ಮುಂಜಿಗಳ ಚಿತ್ರ ನಮ್ಮದಲ್ಲ. ಸುಟ್ಟ ಅಂಗಡಿ, ನಜ್ಜುಗುಜ್ಜಾದ ಲಾರಿ, ಬಿರುಕುಬಿಟ್ಟ ಗೋಡೆ ಹೀಗೆ ಕೋರ್ಟಿಗೂ ವಿಮೆಯವರಿಗೂ ಬೇಕಾದ ಚಿತ್ರಗಳನ್ನು ತೆಗೆದು ಕೊಡುತ್ತಿದ್ದೆವು. ಅಲ್ಲಿ ಚಿತ್ರ ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ. ಒಂದು ಪಕ್ಷದವರಿಗೆ ಅದು ಸಾಕ್ಷಿ, ಇನ್ನೊಂದು ಪಕ್ಷದವರಿಗೆ ಅದು ಸುಳ್ಳು.

ಈ ಕೆಲಸ ತಂದವರು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು. ಮರಾಠಿಯವರು, ಆ ಗೋಡೌನಿದ್ದ ಚಾಳಿನ ಬಾಡಿಗೆದಾರರ ಸಂಘದ ಕಾರ್ಯದರ್ಶಿ. ಮರಾಠಿಯಲ್ಲಿ ಶಿಕ್ಷಕಿಯರನ್ನು ಕರೆಯುವಂತೆ ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಕೋಣೆಗೊಂದು ಸಂಸಾರದ, ಮೂರು ಮಹಡಿಯ ಚಾಳು. ರಸ್ತೆಯ ಕಡೆ ನೆಲ ಅಂತಸ್ತಿನಲ್ಲಿ ಉಡುಪಿ ಹೋಟೆಲು, ಹಿಂಭಾಗದಲ್ಲಿ ಗೋಡೌನು. ಮನೆಮಾಲೀಕ ಗೋಡೌನನ್ನು ಟ್ರಾನ್ಸ್‌ಪೋರ್ಟಿನವರಿಗೆ ಕೊಟ್ಟಿದ್ದ. ಅವರ ಟೆಂಪೋ ಒಳಗೆ ತಿರುಗಲು ಇಟ್ಟಿಗೆಯ ಒಂದು ಕಂಬ ಅಡ್ಡ ಬರುತ್ತಿತ್ತು. ಅದನ್ನು ಪೂರ್ತಿ ತೆಗೆದರೆ ಗೊತ್ತಾಗುತ್ತದೆಂದು ದಿನಕ್ಕಿಷ್ಟು ಉಳಿಯಿಂದ ಕೆತ್ತಿ ಸಪೂರ ಮಾಡುತ್ತಿದ್ದರು. ಆ ಕಂಬದ ನೇರ ಮೇಲೆ ಬಾಯಿಯ ಖೋಲಿ. ಅವರ ಮನೆಯಲ್ಲಿ ಲಟ್ಟಣಿಗೆಯನ್ನು ನೆಲಕ್ಕಿಟ್ಟರೆ ತಾನಾಗಿ ಉರುಳಿ ಹಿಂಗೋಡೆ ಸೇರುತ್ತಿತ್ತಂತೆ.

ಮುನಿಸಿಪಾಲಿಟಿಯ ವಾರ್ಡ್ ಎಂಜಿನಿಯರ್ ಮಾಲೀಕನ ಕೀಲಿಯಿಲ್ಲದೆ ಒಳಗೆ ಕಾಲಿಡುವುದಿಲ್ಲ ಎಂದಿದ್ದರು. ಕಂಬ ಕಡಿದಿರುವುದಕ್ಕೆ ರುಜುವಾತು ತೋರಿಸಿದರೆ ಕೆಲಸ ನಿಲ್ಲಿಸಿ ಆಸರೆ ಕಟ್ಟಿಸುತ್ತೇನೆ ಎನ್ನುವುದು ಅವರ ಮಾತು. ನೋಡಿಬರಲು ಹೋದ ಚಾಳಿನ ಗಿರಣಿ ಕಾರ್ಮಿಕನೊಬ್ಬನ ಮಣಿಕಟ್ಟನ್ನು ಗೋಡೌನಿನ ಮುಕಾದಮ, ಎಂದರೆ ಅಲ್ಲಿನ ಆಳುಗಳ ಮೇಸ್ತ್ರಿ, ಮುರಿದು ಕಳಿಸಿದ್ದ. ಹಾಗಾದರೆ ಮನೆ ಬಿಟ್ಟು ಬೇರೆ ಕಡೆ ಇರಬಾರದೇ ಎಂದು ನಾನು ಕೇಳಿದೆ. ಬಾಯಿ ನನ್ನನ್ನು ತರಗತಿಯ ದಡ್ಡನನ್ನು ನೋಡುವಂತೆ ನೋಡಿದರು. ಬೊಂಬಾಯಿಯಲ್ಲಿ ಬಾಡಿಗೆಯವನು ಒಂದು ರಾತ್ರಿ ಹೊರಗಿದ್ದರೆ ಮರುದಿನ ಬಾಗಿಲಲ್ಲಿ ಮಾಲೀಕನ ಬೀಗ. ಕಂಬ ಕಡಿಯುತ್ತಿರುವುದೂ ಅದಕ್ಕೇ, ಬಾಡಿಗೆಯವರು ಹೆದರಿ ಮನೆ ಬಿಡಲಿ ಎಂದೇ ಎಂದು ಅವರು ಹೇಳಿದರು. ಟೆಂಪೋ ಬರೀ ನೆಪ.

ಫ್ಲಾಶ್ ಹಾಕುವಂತಿರಲಿಲ್ಲ. ಕತ್ತಲಲ್ಲಿ ಒಮ್ಮೆ ಮಿಂಚಿದರೆ ಮುಕಾದಮನಿಗೆ ನಾನೇ ವಿಳಾಸ ಬರೆದುಕೊಟ್ಟಂತೆ. ಉಳಿದ ದಾರಿ ಕಡಿಮೆ ಬೆಳಕಿನಲ್ಲೂ ನಡೆಯುವ ಫಾಸ್ಟ್ ಫಿಲ್ಮ್. ನಾವು ದಿನವೂ ಬಳಸುತ್ತಿದ್ದುದು ನೂರು ಎಎಸ್ಎ ವೇಗದ ಫಿಲ್ಮ್. ನಾನೂರರದ್ದನ್ನು ಹಾಕಿ, ಸಾವಿರದ ಆರುನೂರು ಎಂದುಕೊಂಡು ಎಕ್ಸ್‌ಪೋಸ್ ಮಾಡಿ, ತೊಳೆಯುವಾಗ ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಆ ಬಲ್ಬಿನ ಬೆಳಕಿನಲ್ಲೂ ಏನಾದರೂ ಮೂಡೀತು.

ಸ್ಟುಡಿಯೋ ಮಾಲೀಕರಿಗೆ ಇದು ಸೇರಲಿಲ್ಲ. ಅವರು ಬೆಂಗಳೂರಿನವರು, ಲೋಕಲ್ ರೈಲಿನಲ್ಲೇ ಮುದುಕರಾದವರು.

"ಫಾಸ್ಟ್ ಫಿಲ್ಮ್ ಅಂದ್ರೆ ಫಾಸ್ಟ್ ಲೋಕಲ್ ಇದ್ದ ಹಾಗೆ ಕಣಯ್ಯಾ," ಎಂದರು. "ದಾದರ್‌ಗೆ ಬೇಗ ಮುಟ್ಟಿಸುತ್ತೆ ನಿಜ. ಮಧ್ಯದ ಸ್ಟೇಷನ್ ಒಂದೂ ಕೈಗೆ ಸಿಗಲ್ಲ. ಬಿಳೀ ಸಿಗುತ್ತೆ, ಕರೀ ಸಿಗುತ್ತೆ. ಆ ಉಳಿ ಏಟಿನ ಗುರುತು ಇರೋದು ಮಧ್ಯದಲ್ಲಿ."

"ಫ್ಲಾಶ್ ಹಾಕಿದರೆ ನನಗೇ ಏಟು ಬೀಳುತ್ತೆ ಸಾರ್."

"ಅದಕ್ಕೇ ನಿನಗೆ ಸಂಬಳ," ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಫೋರ್ಟಿನ ಅಂಗಡಿಗಳಲ್ಲಿ ನಾನೂರರ ಫಿಲ್ಮ್ ಯಾವಾಗಲೂ ಸಿಗುತ್ತಿರಲಿಲ್ಲ. ಸಿಕ್ಕಿದ್ದನ್ನೂ ಹಾಗೇ ತರುವಂತಿರಲಿಲ್ಲ. ವೇಗದ ಫಿಲ್ಮಿಗೆ ಸೆಕೆ ಆಗದು, ಗಾಜಿನ ಶೋಕೇಸಿನಲ್ಲಿ ಎರಡು ತಿಂಗಳು ಕೂತದ್ದು ಬಳಸುವ ಮೊದಲೇ ಮಬ್ಬಾಗಿರುತ್ತದೆ. ಫ್ರಿಜ್ಜಿನಲ್ಲಿಟ್ಟದ್ದನ್ನೇ ಕೊಡಿ ಎಂದು ಕೇಳಿದ್ದಕ್ಕೆ ಅಂಗಡಿಯವನು, ಅದರಲ್ಲಿ ಅಂಗಡಿ ಮಾಲೀಕರ ಶ್ರೀಖಂಡವಿದೆ, ಅದನ್ನೂ ಕೊಡಲೇ ಎಂದು ಕೇಳಿದ. ಕೊನೆಗೆ ನಾಲ್ಕನೆಯ ಅಂಗಡಿಯಲ್ಲಿ ತಣ್ಣಗಿನ ಎರಡು ರೋಲು ಸಿಕ್ಕವು.

ಹೋಟೆಲ್ ಭಟ್ಟರು ಉಗ್ರಾಣದ ಬಾಗಿಲು ತೆರೆಯಲು ಒಪ್ಪಿದ್ದು ಬಾಯಿಯ ನಾಲಿಗೆಗೆ ಹೆದರಿ. ಅವರೂ ಅದೇ ಮಾಲೀಕನ ಬಾಡಿಗೆದಾರರು. ಗೋಡೌನಿನ ಆಳುಗಳು ದಿನವೂ ಅವರಲ್ಲೇ ಚಹಾ ಕುಡಿಯುವವರು.

"ನೋಡಿ ಮಾರಾಯ್ರೆ," ಎಂದು ಅವರು ಮೊದಲೇ ಹೇಳಿಬಿಟ್ಟರು, "ಒಳಗೆ ಹೋಗುವವರು ನೀವು. ಸಿಕ್ಕಿಬಿದ್ರೆ ನಂಗೆ ನಿಮ್ಮ ಗುರ್ತ ಉಂಟು ಅಂತ ಹೇಳ್ಬೇಡಿ. ನಾನೇ ಮೊದಲು ಕಳ್ಳ ಅಂತ ಬೊಬ್ಬೆ ಹಾಕ್ತೇನೆ. ಮತ್ತೆ ಬೇಸರ ಮಾಡ್ಬಾರ್ದು."

ಮೊದಲ ಸಲ ಯಾರಿಗೂ ಗೊತ್ತಾಗದಂತೆ ಹೋಗಿ ಬಂದೆ. ಬೆಳಗಿನ ಹೊತ್ತು ಆಳುಗಳೆಲ್ಲ ಮುಂಗೇಟಿನ ಹತ್ತಿರ ಲಾರಿ ಇಳಿಸುತ್ತಿದ್ದರು. ನಾನು ಬಾಗಿಲ ಸಂದಿಯಿಂದ ನುಸುಳಿ ಗೋಣಿಮೂಟೆಯೊಂದರ ಮೇಲೆ ಕ್ಯಾಮೆರಾ ಒತ್ತಿ ಹಿಡಿದು, ಲೆನ್ಸನ್ನು ಪೂರ್ತಿ ತೆರೆದು, ಉಸಿರು ಬಿಗಿಹಿಡಿದು ಶಟರ್ ಒತ್ತಿದೆ. ನಿಧಾನದ ಶಟರು ತೆರೆದು ಮುಚ್ಚುವ ಶಬ್ದ ನನಗೆ ತಗಡು ಬಡಿದಂತೆ ಕೇಳುತ್ತಿತ್ತು. ಕಂಬ ಎದೆಮಟ್ಟದಲ್ಲಿ, ಒಂದು ಕಡೆ ಕಚ್ಚಿ ಬಿಟ್ಟ ಮುಸುಕಿನ ಜೋಳದ ಹಾಗಿತ್ತು. ಪಕ್ಕದಲ್ಲಿ ಮೇಲಿನ ತೊಲೆಗೆ ಒಂದು ಮರದ ಊರುಗೋಲು ಕೊಟ್ಟಿದ್ದರು. ಅದರ ಬುಡ ಒಂದು ಹಲಗೆಯ ತುಂಡಿನ ಮೇಲೆ ನಿಂತಿತ್ತು.

ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನಲ್ಲಿ ನೀರೇ ಬಿಸಿ. ಡೆವಲಪರ್ ಬಿಸಿಯಾದರೆ ಚಿತ್ರದ ಕಾಳು, ಎಂದರೆ ಗ್ರೇನ್, ದಪ್ಪವಾಗುತ್ತದೆ. ಬಕೆಟ್ಟಿನಲ್ಲಿ ಮಂಜುಗಡ್ಡೆ ಹಾಕಿ, ಅದರೊಳಗೆ ಟ್ಯಾಂಕ್ ಇಟ್ಟು, ಥರ್ಮಾಮೀಟರ್ ನೋಡುತ್ತ ಅಲುಗಿಸುತ್ತ ಕೂತೆ. ನೆಗೆಟಿವ್ ಬಂತು. ಪ್ರಿಂಟ್ ಹಾಕಿದಾಗ ಸ್ಟುಡಿಯೋ ಮಾಲೀಕರ ಮಾತೇ ನಿಜವಾಯಿತು. ಬಲ್ಬು ಒಂದು ಬಿಳಿಯ ಉಂಡೆ. ಗವಾಕ್ಷಿ ಒಂದು ಬಿಳಿಯ ಚೌಕ. ಕಂಬ ಇರಬೇಕಾದ ಕಡೆ ಕಪ್ಪು, ಅದರ ಮೇಲೆಲ್ಲ ರವೆ ಚೆಲ್ಲಿದಂತೆ ಕಾಳು. ಅಂಚಿನಲ್ಲಿ ಸೊಂಟ ಸಣ್ಣಗಾಗಿರುವುದು ನನಗೆ ಕಾಣುತ್ತಿತ್ತು, ಯಾಕೆಂದರೆ ನಾನು ಅದನ್ನು ಕಣ್ಣಾರೆ ನೋಡಿದ್ದೆ.

ವಾರ್ಡ್ ಆಫೀಸಿನಲ್ಲಿ ಬಾಯಿ ಮುಂದಿಟ್ಟ ಪ್ರಿಂಟನ್ನು ಎಂಜಿನಿಯರ್ ತಿರುಗಿಸಿದರು, ಮತ್ತೆ ತಿರುಗಿಸಿದರು. ಯಾವುದು ಮೇಲೆ ಯಾವುದು ಕೆಳಗೆ ಎಂದು ಕೇಳಿದರು. ಇದು ಕಂಬವೋ ಎಮ್ಮೆಯೋ ಎಂದು ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಅವರೂ ನಕ್ಕರು. ಬಾಯಿ ನಗುವವರನ್ನು ಬಿಟ್ಟು ನನ್ನತ್ತ ತಿರುಗಿ, ಇಷ್ಟಕ್ಕೆ ಕಾಲೇಜಿಗೆ ಹೋಗಿದ್ದಿರಾ ಎಂದು ಶುದ್ಧವಾದ ಹಿಂದಿಯಲ್ಲಿ ಕೇಳಿದರು. ಆ ಕ್ಷಣ ಅಲ್ಲಿದ್ದ ಎಲ್ಲರ ಮೇಲೂ ನನಗೆ ದ್ವೇಷ ಬಂತು. ಬಾಯಿಯ ಮೇಲೆ ತುಸು ಹೆಚ್ಚೇ.

ಕೆಲಸ ಬಿಟ್ಟುಬಿಡಬಹುದಿತ್ತು. ಬಾಯಿ ಮೆಟ್ಟಿಲಿಳಿಯುವಾಗ ಹೇಳಿದ ಒಂದು ವಿಷಯ ಬಿಡಲು ಕೊಡಲಿಲ್ಲ. ಈಗ ಲಟ್ಟಣಿಗೆ ಉರುಳುವುದಲ್ಲ, ಓಡುತ್ತದೆ ಎಂದರು.

ಹಾಗಾಗಿ ಎರಡನೆಯ ಸಲಕ್ಕೆ ನಿಧಾನದ ಫಿಲ್ಮನ್ನೇ ಆರಿಸಿಕೊಂಡೆ. ನೂರು ಎಎಸ್ಎ, ಜೊತೆಗೆ ಫ್ಲಾಶ್. ಬೆಳಕು ನಾವೇ ಕೊಡುವುದಾದರೆ ಕಾಳಿನ ಫಿಲ್ಮ್ ಯಾಕೆ? ದೊಡ್ಡದು ಮಾಡಿದರೂ ಉಳಿಯ ಒಂದೊಂದು ಏಟೂ ಕಾಣಬೇಕು. ಫ್ಲಾಶನ್ನು ಕ್ಯಾಮೆರಾದ ತಲೆಯ ಮೇಲಿಟ್ಟರೆ ಏಟಿನ ಗುರುತು ಚಪ್ಪಟೆಯಾಗುತ್ತದೆ. ವೈರಿನಲ್ಲಿ ಜೋಡಿಸಿ ಎಡಗೈ ಚಾಚಿ ಪಕ್ಕದಿಂದ ಬೆಳಕು ಕೊಡುವುದೆಂದು ಲೆಕ್ಕ ಹಾಕಿದೆ. ಎರಡು ಚಿತ್ರ ಸಾಕು. ಮೊದಲನೆಯದು ಕಂಬ, ತೊಲೆ, ಊರುಗೋಲು ಎಲ್ಲ ಸೇರಿದ್ದು. ಎರಡನೆಯದು ಕಡಿದ ಭಾಗದ್ದು. ನಡುವೆ ಫ್ಲಾಶ್ ಮತ್ತೆ ತುಂಬಿಕೊಳ್ಳಬೇಕು. ನಮ್ಮ ಹಳೆಯ ಫ್ಲಾಶ್ ಸೊಳ್ಳೆಯಂತೆ ಕುಂಯ್‌ಗುಟ್ಟುತ್ತ ಕೆಂಪು ದೀಪ ಹತ್ತುವವರೆಗೆ ಕಾಯಿಸುತ್ತಿತ್ತು. ಆ ಕುಂಯ್‌ಗುಡುವಷ್ಟು ಹೊತ್ತು ಮುಕಾದಮ ನನ್ನಿಂದ ದೂರ ಇರಬೇಕು. ಇದೇ ನನ್ನ ಇಡೀ ಯೋಜನೆ. ಸ್ಟುಡಿಯೋ ಮಾಲೀಕರು ಹಳೆಯ ಕ್ಯಾಮೆರಾವನ್ನೇ ಕೊಟ್ಟರು. ಕ್ಯಾಮೆರಾ ಹೋದರೆ ನೀನೂ ಬರಬೇಡ ಎಂದರು.

ಅಂದು ಬೆಳಿಗ್ಗೆ ಆಳುಗಳು ಗೇಟಿನ ಬಳಿ ಚಹಾ ಕುಡಿಯುತ್ತಿದ್ದರು. ನಾನು ನುಸುಳಿ ಕಂಬದಿಂದ ನಾಲ್ಕು ಹೆಜ್ಜೆ ದೂರ ನಿಂತೆ. ಕೈ ಚಾಚಿ ಒತ್ತಿದೆ.

ಬೆಳಕು ಬಿದ್ದಷ್ಟು ಹೊತ್ತಿನಲ್ಲಿ ನಾನು ನೋಡಿದ್ದು ಇಂದಿಗೂ ನಿದ್ದೆಯಲ್ಲಿ ಬರುತ್ತದೆ. ಊರುಗೋಲಿನ ಬುಡ ಹಲಗೆಯ ಮೇಲಿರಲಿಲ್ಲ. ಹಲಗೆ ಒಂದು ಕಡೆ, ಮರ ಒಂದು ಕಡೆ. ಕಂಬದ ಕಡಿದ ಜಾಗದಿಂದ ಕೆಂಪು ಪುಡಿ ಮರಳು ಗಡಿಯಾರದ ಮರಳಿನಂತೆ ಸಣ್ಣಗೆ ಸುರಿಯುತ್ತಿತ್ತು. ಮರುಕ್ಷಣ ಮತ್ತೆ ಕತ್ತಲು. ಕಣ್ಣೊಳಗೆ ಹಸಿರು ಕಂಬವೊಂದು ಉಳಿಯಿತು.

"ಕೌನ್ ಹೈ ರೇ?" ಎಂದ ಮುಕಾದಮ.

ಫ್ಲಾಶ್ ಕುಂಯ್‌ಗುಡುತ್ತಿತ್ತು. ಆಗಲೇ ಓಡಬೇಕಿತ್ತು, ಇನ್ನೊಂದು ಚಿತ್ರ ಬಾಕಿಯಿತ್ತು. ಅದಕ್ಕೇ ಕಾಯುತ್ತ ನಿಂತೆ. ಕೆಂಪು ದೀಪ ಹತ್ತಿದ್ದೇ ಕಂಬದ ಹತ್ತಿರ ಹೋಗಿ ಎರಡನೆಯದನ್ನು ಒತ್ತಿದೆ. ಆ ಬೆಳಕಿನಲ್ಲಿ ಮುಕಾದಮನ ಮುಖ ನನ್ನ ಮುಖದ ಪಕ್ಕದಲ್ಲೇ ಇತ್ತು. ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಸೇರಿಸಿ ಹಿಡಿದು ತಿರುವಿದ. ಉಸಿರು ಕಟ್ಟಿತು. ಅವನು ಜಗಿಯುತ್ತಿದ್ದ ತಂಬಾಕಿನ ವಾಸನೆ ಈಗಲೂ ಲೋಕಲಿನ ಗದ್ದಲದಲ್ಲಿ ಎಲ್ಲಾದರೂ ಬಂದರೆ ನಾನು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತೇನೆ.

ಆಗ ಕಂಬ ಶಬ್ದ ಮಾಡಿತು. ದೊಡ್ಡ ಶಬ್ದವಲ್ಲ, ಬಾಣಲೆಯಲ್ಲಿ ಕಡಲೆ ಸಿಡಿದಂತೆ ಒಂದೆರಡು ಸಲ. ಅವನ ಹಿಡಿತ ಸಡಿಲವಾಯಿತು. ನಾವಿಬ್ಬರೂ ಒಟ್ಟಿಗೆ ಮೇಲೆ ನೋಡಿದೆವು. ಆಮೇಲೆ ಅವನು ಗೇಟಿನ ಕಡೆ ಓಡಿದ, ನಾನು ಉಗ್ರಾಣದ ಕಡೆ ಓಡಿದೆ.

ಭಟ್ಟರು ಮಾತಿಗೆ ತಪ್ಪಲಿಲ್ಲ. ನಾನು ಈರುಳ್ಳಿ ಮೂಟೆ ಹಾರಿ ಅಡುಗೆಮನೆಗೆ ಬಿದ್ದ ಕೂಡಲೇ "ಚೋರ್" ಎಂದು ಕೂಗಿದರು. ಇಡ್ಲಿ ತಿನ್ನುತ್ತಿದ್ದ ಗಿರಾಕಿಯೊಬ್ಬ ಎದ್ದು ನನ್ನ ತೋಳು ಹಿಡಿದು ಕೆನ್ನೆಗೆ ಹೊಡೆದ. ನಾನು ಕನ್ನಡದಲ್ಲಿ, "ಕಂಬ ಬೀಳ್ತಾ ಇದೆ ಭಟ್ರೇ," ಎಂದೆ. ಅವರು ನಂಬುವ ಮುಖ ಮಾಡಲಿಲ್ಲ. ಅಷ್ಟರಲ್ಲಿ ಉಗ್ರಾಣದ ಗೋಡೆಯ ಗಾರೆ ಹಾಳೆಯಂತೆ ಕಳಚಿ ಬಿತ್ತು. ಭಟ್ಟರು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ, ಒಲೆಯ ಕಡೆ ತಿರುಗಿ ಗ್ಯಾಸ್ ಬಂದ್ ಮಾಡಲು ಹೇಳಿದರು. ಗಿರಾಕಿಗಳನ್ನು ತಟ್ಟೆ ಸಮೇತ ರಸ್ತೆಗೆ ಅಟ್ಟಿದರು.

ನಾನು ಹಿಂಭಾಗದ ಮೆಟ್ಟಿಲು ಹತ್ತಿದೆ. ಪ್ರತಿ ಮಹಡಿಯಲ್ಲೂ ಉದ್ದದ ಗ್ಯಾಲರಿ, ಸಾಲು ಬಾಗಿಲುಗಳು. ನನಗೆ ಮರಾಠಿ ಅಷ್ಟಕ್ಕಷ್ಟೆ. ಗಾಬರಿಯಲ್ಲಿ ನಾಲಿಗೆಗೆ ಬಂದ ಹಿಂದಿಯಲ್ಲಿ ಕೂಗುತ್ತ ಓಡಿದೆ: "ಖಾಲೀ ಕರೋ! ಸಬ್ ಖಾಲೀ ಕರೋ!"

ತೆರೆದಿದ್ದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಒಳಗಿನಿಂದ ಚಿಲಕ ಹಾಕುವ ಸದ್ದು ಗ್ಯಾಲರಿಯುದ್ದಕ್ಕೂ ನನ್ನ ಮುಂದೆ ಮುಂದೆ ಓಡಿತು. ನಾನು ಬಾಗಿಲು ಬಡಿದೆ. ಒಳಗಿನಿಂದ ಒಬ್ಬ ಹೆಂಗಸು ಮಾಲೀಕನ ನಾಯಿ ಎಂದು ಬೈದಳು. ಮೊದಲ ಮಹಡಿಯ ಕೊನೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಗಿರಣಿಯವನು ಹೊರಬಂದು, ಆ ಪ್ಲಾಸ್ಟರಿನ ಕೈಯಿಂದಲೇ ನನ್ನ ಎದೆಗೆ ಗುದ್ದಿದ. ಹಗಲಲ್ಲೇ ಮನೆ ಬಿಡಿಸಲು ಬಂದೆಯಾ ಎಂದು ಕೇಳಿದ. ನಾನು ಕೈಯಾಡಿಸಿ ಕೆಳಗೆ ತೋರಿಸುತ್ತ ಮತ್ತೆ ಅದೇ ಮಾತು ಕೂಗಿದೆ. ಕನ್ನಡದಲ್ಲೂ ಅದು ಖಾಲಿಯೇ, ಹಿಂದಿಯಲ್ಲೂ ಖಾಲಿಯೇ. ನನಗೆ ಬೇರೆ ಮಾತು ತೋಚಲಿಲ್ಲ.

ಬಾಯಿ ಬಾಗಿಲಿಗೆ ಬಂದರು. ನನ್ನ ತಲೆ, ಭುಜ, ಕ್ಯಾಮೆರಾ ಎಲ್ಲದರ ಮೇಲೂ ಇದ್ದ ಕೆಂಪು ಪುಡಿಯನ್ನು ನೋಡಿದರು. ಬೆರಳಿನಿಂದ ಅದನ್ನು ಮುಟ್ಟಿದರು.

"ಗಿರ್ ರಹಾ ಹೈ?" ಬೀಳುತ್ತಿದೆಯಾ, ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಹೌದೆಂದು ತಲೆಯಾಡಿಸಿದೆ.

"ಮತ್ತೆ ಆ ಮಾತು ಕೂಗಬೇಡಿ. ಅದು ಇಲ್ಲಿ ಮಾಲೀಕ ಆಡುವ ಮಾತು," ಎಂದರು. ಗ್ಯಾಲರಿಯ ಕಟಕಟೆ ಹಿಡಿದು, ಶಾಲೆಯ ಮಕ್ಕಳನ್ನು ಪ್ರಾರ್ಥನೆಗೆ ಕರೆಯುವ ದನಿಯಲ್ಲಿ, ಅವಸರವಿಲ್ಲದೆ ಕರೆದರು: "ಖಾಲೀ ಯಾ. ಸಗಳೇ ಖಾಲೀ ಯಾ."

ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ. ಎಲ್ಲರೂ ಕೆಳಗೆ ಬನ್ನಿ ಎಂದರು, ಅಷ್ಟೇ. ಬಾಗಿಲುಗಳು ತೆರೆದವು.

ತೆರೆದ ಮೇಲಾದರೂ ಓಡಿಬರುತ್ತಾರೆ ಎಂದುಕೊಂಡರೆ, ಪ್ರತಿಯೊಬ್ಬರೂ ತಿರುಗಿ ನಿಂತು ತಮ್ಮ ಬಾಗಿಲಿಗೆ ಬೀಗ ಹಾಕತೊಡಗಿದರು. ಒಬ್ಬರು ಬೀಗ ಹಾಕಿ ಎಳೆದು ನೋಡಿ, ಮತ್ತೆ ಎಳೆದು ನೋಡಿದರು. ಕಾಲ ಕೆಳಗಿನ ಹಲಗೆ ನಡುಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ನಾನು ಸಿಟ್ಟಿನಿಂದ ಬಾಯಿಯ ಕೈಯಿಂದ ಬೀಗ ಕಿತ್ತುಕೊಳ್ಳಲು ಹೋದೆ. ಅವರು ನನ್ನ ಕೈಗೆ ಪಟ್ಟನೆ ಹೊಡೆದು ಬೀಗ ಒತ್ತಿ, ಕೀಲಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು, ಆಮೇಲೆ ಇಳಿದರು. ಮೇಲಿನ ಮಹಡಿಗಳವರೂ ಹಾಗೇ. ಬೈಗುಳ, ಕುಕ್ಕರ್, ಮಡಿಲ ಮಗು, ಒದ್ದೆ ಬಟ್ಟೆ ಎಲ್ಲ ಹೊತ್ತು ಅದೇ ಇಕ್ಕಟ್ಟಿನ ಮೆಟ್ಟಿಲಲ್ಲಿ ಇಳಿದರು. ಕೊನೆಯವರು ಗಲ್ಲಿ ಸೇರುವವರೆಗೆ ಕಂಬ ತಡೆಯಿತು. ಅದಕ್ಕಿಂತ ಬಹಳ ಹೊತ್ತೇನೂ ಅಲ್ಲ.

ಹಿಂಭಾಗ ನಡುವಿನಿಂದ ಕುಸಿಯಿತು. ಮೊದಲು ನೆಲಗಳು ಒಂದರ ಮೇಲೊಂದು ಕೂತವು, ಆಮೇಲೆ ಗೋಡೆ ಹಿಂಬಾಲಿಸಿತು. ಗಲ್ಲಿಯ ತುಂಬ ಧೂಳು. ಧೂಳು ಇಳಿದಾಗ ಬಾಯಿಯ ಬಾಗಿಲು, ಬೀಗ ಹಾಕಿದ್ದು ಹಾಕಿದಂತೆ, ಹಿಂದೆ ಏನೂ ಇಲ್ಲದೆ ನಿಂತಿತ್ತು. ನಾನು ಹೋಟೆಲಿನ ಕಟ್ಟೆಯ ಮೇಲೆ ಕೂತು ಕ್ಯಾಮೆರಾದ ಮೇಲಿನ ಪುಡಿ ಒರೆಸತೊಡಗಿದೆ. ಭಟ್ಟರು ನೀರು ತಂದುಕೊಟ್ಟು, "ನಿಮ್ಮನ್ನು ಒಳಗೆ ಬಿಟ್ಟದ್ದೇ ನನ್ನ ಗ್ರಾಚಾರ," ಎಂದು ಹೇಳಿ ಹೋದರು.

ಅಗ್ನಿಶಾಮಕದವರ ಹಿಂದೆಯೇ ಎಂಜಿನಿಯರ್ ಬಂದರು. ಈಗ ಅವರಿಗೆ ಕೀಲಿ ಬೇಕಾಗಿರಲಿಲ್ಲ. ಗಲ್ಲಿಯ ತುದಿಯಲ್ಲಿ ಮುನಿಸಿಪಾಲಿಟಿಯ ಲಾರಿ ನಿಲ್ಲಿಸಿ, ಎಲ್ಲರೂ ಹತ್ತಬೇಕು, ಉಪನಗರದ ತಾತ್ಕಾಲಿಕ ವಸತಿಗೆ ಹೋಗಬೇಕು ಎಂದು ಹೇಳಿದರು. ಯಾರೂ ಹತ್ತಲಿಲ್ಲ. ಮಾಲೀಕನ ವಕೀಲನೂ ಬಂದಿದ್ದ. ಕಟ್ಟಡ ಶಿಥಿಲ, ಜನ ತಾವಾಗಿಯೇ ಜಾಗ ಬಿಟ್ಟಿದ್ದಾರೆ, ಇದನ್ನು ನೀವು ಗಮನಿಸಬೇಕು ಎಂದು ಎಂಜಿನಿಯರಿಗೆ ಕೇಳಿಸುವಂತೆ ಎರಡು ಸಲ ಹೇಳಿದ. ಮುಕಾದಮ ಅವನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ.

ಬಾಯಿ ನನ್ನ ಬಳಿ ಬಂದು ರೋಲಿನಲ್ಲಿ ಫಿಲ್ಮ್ ಉಳಿದಿದೆಯೇ ಎಂದು ಕೇಳಿದರು. ಬೇಕಾದಷ್ಟಿತ್ತು. ಎಲ್ಲರನ್ನೂ ಬಿದ್ದ ಮನೆಗೆ ಬೆನ್ನು ಹಾಕಿ, ಮನೆಮನೆಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರು. ಪ್ರತಿಯೊಬ್ಬರೂ ಕೀಲಿಯನ್ನು ಎದೆಯ ಮುಂದೆ ಹಿಡಿಯಬೇಕು ಎಂದರು. ಎಂಜಿನಿಯರ್ ಮೆಲ್ಲಗೆ ಪಕ್ಕಕ್ಕೆ ಸರಿಯುವುದನ್ನು ಕಂಡು, "ಸಾಹೇಬ್, ತುಮ್ಹೀಪಣ ಉಭೇ ರಾಹಾ," ನೀವೂ ನಿಲ್ಲಿ, ಎಂದು ಅವರನ್ನೂ ಸಾಲಿನ ತುದಿಗೆ ನಿಲ್ಲಿಸಿದರು. ಆಮೇಲೆ ವಕೀಲನ ಕಡೆ ತಿರುಗಿದರು.

"ಆಮ್ಹೀ ಖಾಲೀ ಆಲೋ," ಎಂದರು. "ಖಾಲೀ ಕೇಲಂ ನಾಹೀ."

ಕೆಳಗೆ ಬಂದಿದ್ದೇವೆ, ಖಾಲಿ ಮಾಡಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ಆ ಬೆಳಕಿಗೆ ಯಾವ ಫಿಲ್ಮಾದರೂ ನಡೆಯುತ್ತಿತ್ತು. ಗಲ್ಲಿಯ ಎದುರುಗೋಡೆಗೆ ಬೆನ್ನು ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಬಿಗಿದು ಒತ್ತಿದೆ. ಚಿತ್ರದಲ್ಲಿ ಎಲ್ಲವೂ ಸ್ಪಷ್ಟವಾಗಿದೆ, ಕೀಲಿಗಳ ಹಲ್ಲು ಕೂಡ. ಎಂಜಿನಿಯರ್ ಒಬ್ಬರೇ ನೆಲ ನೋಡುತ್ತಿದ್ದಾರೆ. ಉಳಿದವರೆಲ್ಲ ಕಣ್ಣು ಮಿಟುಕಿಸದೆ, ಮನೆ ಬಿಡಿಸಲು ಬಂದವನನ್ನು ನೋಡುವಂತೆ, ನನ್ನನ್ನು ನೋಡುತ್ತಿದ್ದಾರೆ.